ಮೊದಲು ಹೆಣೆದ ಬುಟ್ಟಿ

ರುವಾಟೋರಿಯಾ
ಆಗಸ್ಟ್ ೧೭, ಭಾನುವಾರ

ಪ್ರೀತಿಯ ಕಟರೈನಾ,

ಸೊಂಟದ ನೋವು ಹೇಗಿದೆ? ಹೊಲಿಗೆ ಬಿಚ್ಚಿದರೇ? ಊಟ ಸೇರುತ್ತಿದೆಯೇ, ಇಲ್ಲ ಆ ಬ್ರಿಸ್ಬೇನಿನ ಆಸ್ಪತ್ರೆಯವರು ಇನ್ನೂ ಉಪ್ಪಿಲ್ಲದ ಕುಂಬಳಕಾಯಿ ಗಂಜಿಯನ್ನೇ ಕೊಡುತ್ತಿದ್ದಾರೆಯೇ? ತಂಗಿಯ ಹುಟ್ಟುಹಬ್ಬಕ್ಕೆ ಹೋದವಳು ಕೇಕು ತಿಂದು ತೆಪ್ಪಗಿರದೆ ಕುಣಿಯಲು ಹೋಗಿ ಸೊಂಟ ಮುರಿದುಕೊಂಡೆಯಲ್ಲ, ಏನು ಹೇಳಲಿ ಮಹಾರಾಯ್ತಿ! ಫೋನು ಮಾಡಿದಾಗಲೆಲ್ಲ ನಿನ್ನ ತಂಗಿ "ಮಲಗಿದ್ದಾಳೆ ಭಾವ" ಅನ್ನುತ್ತಾಳೆ. ಇಷ್ಟು ವರ್ಷ ಪಕ್ಕದಲ್ಲಿ ಮಲಗಿದವನಿಗೆ ನಿನ್ನ ನಿದ್ದೆಯ ಹೊತ್ತು ಗೊತ್ತಿಲ್ಲವೇ? ಗೋಡೆಗೆ ಮುಖ ಮಾಡಿಕೊಂಡಿರುತ್ತೀಯಂತೆ, ನಡೆಸಲು ಬಂದ ನರ್ಸನ್ನು ಬೈದು ಕಳಿಸುತ್ತೀಯಂತೆ. "ತೆರಿನಾ ಮಗುಗೆ ಅಂಗಡಿ ತೊಟ್ಟಿಲೇ ತಂದ್ಬಿಡಿ. ನನ್ನ ಕೈಕೆಲಸ ನನ್ನ ಜೊತೇಲೇ ಮುಗೀತು" ಅಂದೆಯಂತೆ. ನಡೆಯದೆ ವಿಮಾನ ಹತ್ತಿಸುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ, ನೀನು ಕಾಲು ನೆಲಕ್ಕೆ ಊರುವುದಿಲ್ಲ. ಹೀಗಾದರೆ ಮನೆಗೆ ಬರುವುದು ಯಾವಾಗ? ಅದಕ್ಕೇ ಈ ಕಾಗದ. ಕಾಗದದ ಮುಂದೆ ನಿದ್ದೆಯ ನಾಟಕ ನಡೆಯುವುದಿಲ್ಲ.

ಮೊದಲು ಮೊಮ್ಮಗಳ ಸುದ್ದಿ. ತೆರಿನಾಗೆ ದಿನ ತುಂಬಿದೆ. ಕಾಲು ಊದಿ ನನ್ನ ಗಂಬೂಟು ಬಿಟ್ಟರೆ ಬೇರೇನೂ ಹಿಡಿಸುವುದಿಲ್ಲ. ಅದನ್ನೇ ಮೆಟ್ಟಿಕೊಂಡು ಅಂಗಳದಲ್ಲಿ ಬಾತುಕೋಳಿಯ ಹಾಗೆ ಓಡಾಡುತ್ತಾಳೆ. ಮೂರು ಹೊತ್ತೂ ಹಂದಿಮೂಳೆ, ಕಾಡುಸೊಪ್ಪು ಬೇಯಿಸಿದ ಸಾರೇ ಬೇಕು. ಅವಳ ಗಂಡ ಮರ ಕಡಿಯುವ ಕೆಲಸದಿಂದ ವಾರಕ್ಕೊಮ್ಮೆ ಬಂದು, ಆಸ್ಪತ್ರೆಗೆ ಒಯ್ಯುವ ಚೀಲವನ್ನು ಬಿಚ್ಚಿ ಮತ್ತೆ ತುಂಬಿ ಹೋಗುತ್ತಾನೆ. ಅವನ ಸಮಾಧಾನಕ್ಕೆ ಅಷ್ಟು ಇರಲಿ ಬಿಡು. ಹೆರಿಗೆಯಾದ ಮೇಲೆ ಮಾಸು ಹೂಳುವ ಮಣ್ಣಿನ ಕುಡಿಕೆ ತೊಳೆದಿಟ್ಟಿದ್ದೇನೆ. ದಿಬ್ಬದ ಮೇಲೆ, ಅವಳಪ್ಪನ ಮಾಸು ಹೂಳಿದ ಮರದ ಪಕ್ಕ, ಗುಂಡಿಯೂ ತಯಾರು. ಹೊಕ್ಕುಳಬಳ್ಳಿ ಕಟ್ಟುವ ನಾರನ್ನು ನಮ್ಮ ಹುಹಾನಕ್ಕ ತೊಡೆಯ ಮೇಲೆ ಹೊಸೆದು ಕೊಟ್ಟಳು. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ, ಹಾಗೆ ಎಲ್ಲವೂ ಆಯಿತು. ಇಲ್ಲದ್ದು ಒಂದೇ, ಅಪ್ಪ ಅಮ್ಮನ ನಡುವೆ ಮಂಚದ ಮೇಲಿಟ್ಟು ಮಗುವನ್ನು ಮಲಗಿಸುವ ನಿನ್ನ ಬುಟ್ಟಿ. ಊರಿನ ಎಷ್ಟು ಮಕ್ಕಳು ನಿನ್ನ ಬುಟ್ಟಿಯಲ್ಲಿ ಮಲಗಿ ದೊಡ್ಡವರಾದರು, ನಮ್ಮ ಮರಿಮಗು ಮಾತ್ರ ಅಂಗಡಿಯ ಪ್ಲಾಸ್ಟಿಕ್ಕಿನಲ್ಲಿ ಮಲಗಬೇಕೇ? ನನಗೆ ಹೊಟ್ಟೆ ಉರಿಯಿತು. ನಾನೇ ಹೆಣೆಯುತ್ತೇನೆ ಅಂದೆ.

ನಗು, ನಗು. ಹುಹಾನಕ್ಕನೂ ನಕ್ಕಳು. "ಕುರಿ ಬೋಳಿಸೋ ಕೈ ಕಣೋ ಅದು, ಎಲೇನೂ ಬೋಳಿಸಿಬಿಡ್ತೀಯ!" ಅಂದಳು. ಅವಳಿಗಂತೂ ಹೆಣೆಯಲು ಬಾರದು, ತಪ್ಪು ಹುಡುಕಲು ಚೆನ್ನಾಗಿ ಬರುತ್ತದೆ. ಬೆಳಕಿದ್ದಾಗ, ಮಳೆಯಿಲ್ಲದಾಗ, ನಿನ್ನ ಹರಕೆಕೆ ನಾರುಗಿಡದ ಪೊದೆಗೆ ಹೋಗಿ ಎಲೆ ಕೊಯ್ದೆ. ನಡುವಿನ ಕೂಸೆಲೆಯನ್ನೂ ಅದರ ಎರಡೂ ಬದಿಯ ಅಪ್ಪ ಅಮ್ಮ ಎಲೆಗಳನ್ನೂ ಮುಟ್ಟಿಲ್ಲ, ನಿನ್ನಾಣೆ. ಆಮೇಲೆ ನನ್ನ ಕತ್ತರಿ ಪೆಟ್ಟಿಗೆಯ ತಳದಿಂದ ಒಂದು ವಸ್ತು ತೆಗೆದೆ. ನೀನು ಹುಡುಗಿಯಾಗಿದ್ದಾಗ ಹೆಣೆದ ಆ ಪುಟ್ಟ ಕೈಬುಟ್ಟಿ ಕಣೇ! ಅದು ಎಂದೋ ಹಾಳಾಗಿಹೋಯಿತು ಎಂದು ನೀನು ತಿಳಿದಿದ್ದೀಯ. ಇಲ್ಲ, ಅದರಲ್ಲೇ ನನ್ನ ಸಾಣೆಕಲ್ಲು ಇರುತ್ತಿತ್ತು. ಅದನ್ನು ಮುಂದಿಟ್ಟುಕೊಂಡು ಎಲೆ ಯಾವುದರ ಮೇಲೆ ಹೋಗಿ ಯಾವುದರ ಕೆಳಗೆ ಬರುತ್ತದೆ ಎಂದು ನೋಡಿ ನೋಡಿ ಹೆಣೆದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಎಲೆಯೇ ಸರಿಯಿಲ್ಲ ಎಂದು ಕೂಗಾಡಿದೆ. ತೆರಿನಾ ಹೊಟ್ಟೆಯ ಮೇಲೆ ಚಹಾದ ಲೋಟ ಇಟ್ಟುಕೊಂಡು, "ತಾತ, ಅಜ್ಜಿ ಮೂಲೇಲಿ ಎಲೆ ಮಡಚಿ ಎಳೀತಿದ್ರು, ಎಳೀರಿ, ಇನ್ನೂ ಎಳೀರಿ" ಎಂದು ದೂರದಿಂದಲೇ ಹೇಳಿಕೊಟ್ಟಳು. ಚಿಕ್ಕಂದಿನಲ್ಲಿ ನಿನ್ನ ಕಾಲಬಳಿ ಕೂತಿರುತ್ತಿದ್ದಳಲ್ಲ, ಅವಳಿಗೆ ಎಲ್ಲ ನೆನಪಿದೆ. ಕೊನೆಗೂ ಬುಟ್ಟಿ ಆಯಿತು. ಒಂದು ಕಡೆ ಎತ್ತರ, ಒಂದು ಕಡೆ ತಗ್ಗು, ಆದರೂ ಬುಟ್ಟಿ! ನಾನು ಅದನ್ನು ತಲೆಯ ಮೇಲೆ ಹೊತ್ತು ಅಂಗಳವೆಲ್ಲ ಕುಣಿದೆ. ನನ್ನ ಸೊಂಟಕ್ಕೆ ಏನೂ ಆಗಲಿಲ್ಲ.

ಆಗ ಹುಹಾನಕ್ಕ ಬಾಯಿ ತೆಗೆದಳು. "ಚೆನ್ನಾಗಿದೆ. ಯಾರಿಗೆ ಕೊಡ್ತೀಯ?" ಬುಟ್ಟಿಯನ್ನು ತಲೆಯಿಂದ ಕೆಳಗಿಳಿಸಿದೆ. ಮೊದಲು ಹೆಣೆದದ್ದನ್ನು ಮನೆಯಲ್ಲಿಟ್ಟುಕೊಳ್ಳುವಂತಿಲ್ಲ, ಹೊರಗಿನವರಿಗೆ ಕೊಟ್ಟುಬಿಡಬೇಕು. ನೀನು ಎಲ್ಲರಿಗೂ ಹೇಳಿ ಹೇಳಿ ನನ್ನ ಕಿವಿ ತೂತು ಬಿದ್ದ ನಿಯಮ, ನನಗೇ ಮರೆತಿತ್ತು. ಮಗು ಇವತ್ತೋ ನಾಳೆಯೋ ಎಂದಿದೆ, ನಿಯಮ ಪಕ್ಕಕ್ಕಿಡು ಎಂದು ರೇಗಿದೆ. "ಕಟರೈನಾ ಬಂದು ಕೇಳಿದ್ರೆ ನೀನೇ ಹೇಳ್ಕೋ" ಅಂದಳು. ಸರಿ, ಯಾರಿಗೆ? ನಮ್ಮ ಬೀದಿಯಲ್ಲಿ ಇನ್ನೊಬ್ಬ ತುಂಬು ಬಸುರಿ ಇದ್ದರೆ ಅದು ಹಿರಿನಿಯ ಸೊಸೆ. ಹೌದು, ಆ ಹಿರಿನಿಯೇ! ಕುರಿ ಬೋಳಿಸುವ ಪಂದ್ಯದಲ್ಲಿ ಅರೆಬರೆ ಬೋಳಿಸಿ ನನ್ನ ಬಹುಮಾನ ಹೊಡೆದವನು, ಅಂದಿನಿಂದ ನಾನು ಮಾತು ಬಿಟ್ಟವನು. ಅವನ ಮನೆಗೆ ಹೋಗುವುದಕ್ಕಿಂತ ಸಮುದ್ರಕ್ಕೆ ಹಾರುತ್ತೇನೆ ಅಂದೆ. ಆ ಸಂಜೆ ನಿನ್ನ ಪುಟ್ಟ ಬುಟ್ಟಿಗೆ ಸಾಣೆಕಲ್ಲು ತುಂಬುವಾಗ ನೆನಪಾಯಿತು. ಅದು ನಿನ್ನ ಮೊದಲ ಬುಟ್ಟಿ. ಕುರಿ ಕೊಟ್ಟಿಗೆಯ ಬಾಗಿಲಲ್ಲಿ, ಹೆಸರೂ ಕೇಳದೆ, ಬೆವರು ಒರೆಸಿಕೊಳ್ಳುತ್ತಿದ್ದ ನನ್ನ ಕೈಗೆ ತುರುಕಿ ಹೋಗಿದ್ದೆ. "ಯಾರಿಗಾದ್ರೂ ಕೊಡಲೇಬೇಕಿತ್ತು, ಎದುರಿಗೆ ನೀನು ಸಿಕ್ಕಿದೆ, ಅಷ್ಟೇ" ಎಂದು ಇವತ್ತಿಗೂ ಹಂಗಿಸುತ್ತೀಯ. ಅಂದು ನೀನು ಅದನ್ನು ಇಟ್ಟುಕೊಂಡುಬಿಟ್ಟಿದ್ದರೆ ಈ ಮನೆ ಎಲ್ಲಿ, ಮಗ ಎಲ್ಲಿ, ತೆರಿನಾ ಎಲ್ಲಿ? ಮರುದಿನ ಬೆಳಿಗ್ಗೆ ಬುಟ್ಟಿ ಕಂಕುಳಲ್ಲಿಟ್ಟುಕೊಂಡು ಹಿರಿನಿಯ ಬಾಗಿಲು ಬಡಿದೆ.

ಅವನು ಬುಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಲೋ ರೆವಿ, ಇದೇನೋ ಇದು, ದೋಣಿಯೋ ಬುಟ್ಟಿಯೋ?" ಅಂದ. ಇರಲಿ, ಕೊಡಲು ಬಂದವನಲ್ಲವೇ, ಅವನ ಕೈಯಲ್ಲೇ ಬಿಟ್ಟೆ. ಆದರೆ ಸೊಸೆ ಬಂದು ಅದನ್ನು ತಬ್ಬಿಕೊಂಡದ್ದೇ ತಡ, ಮುದುಕ ಮುಖ ಆಚೆ ತಿರುಗಿಸಿ ಮೂಗು ಸೀಟಿದ. ಅಂದಿನಿಂದಲೇ ಮಳೆ ಹಿಡಿಯಿತು ನೋಡು. ವಾರವೆಲ್ಲ ಸುರಿಯಿತು. ಮಳೆಯಲ್ಲಿ ಎಲೆ ಕೊಯ್ಯುವಂತಿಲ್ಲ, ತೆರಿನಾಗೆ ಬೆನ್ನುನೋವು ಶುರು, ನಾನು ಕಿಟಕಿಯ ಬಳಿ ನಿಂತು ಆಕಾಶಕ್ಕೆ ಬೈಯುವುದು. ಮೂರನೆಯ ದಿನ ಹಿರಿನಿಯ ಹಳೆಯ ಲಾರಿ ಬಂದು ನಿಂತಿತು. ಹಿಂದೆ ತಾಡಪಾಲಿನ ಕೆಳಗೆ ಒಣಗಿದ ಎಲೆಯ ಕಟ್ಟುಗಳು! ಛಾವಣಿ ಕೆಲಸಕ್ಕೆ ಇರಲಿ ಎಂದು ಬಿಸಿಲಲ್ಲೇ ಕೊಯ್ದು ಕೊಟ್ಟಿಗೆಯಲ್ಲಿ ಇಟ್ಟಿದ್ದನಂತೆ. "ಸೊಸೆ ಕಳಿಸಿದ್ಲು, ನಾನಾಗಿ ಬಂದಿಲ್ಲ" ಅಂದ. ಬಂದವನು ಹೋಗಲೂ ಇಲ್ಲ. ಎಲೆ ನೆನೆಸಿದ, ಸೀಳಿಕೊಟ್ಟ, ಪಂದ್ಯದ ಮಾತು ತೆಗೆದ, ಜಗಳವಾಡಿದೆವು, ಮತ್ತೆ ಹೆಣೆದೆವು. ನಿನ್ನೆ ಎರಡನೆಯ ಬುಟ್ಟಿ ಮುಗಿಯಿತು. ನಾಲ್ಕು ಕಡೆಯೂ ಒಂದೇ ಎತ್ತರ ಕಣೇ! ಹುಹಾನಕ್ಕ ಬೆರಳಾಡಿಸಿ ಬೆರಳಾಡಿಸಿ ತಪ್ಪು ಹುಡುಕಿದಳು, ಸಿಗಲಿಲ್ಲ, ಕೋಪ ಮಾಡಿಕೊಂಡು ಚಹಾ ಕೇಳಿದಳು. ನನಗೆ ಎಷ್ಟು ಸಂತೋಷವಾಯಿತು ಎಂದು ಬರೆಯಲು ಬರುವುದಿಲ್ಲ. ಗೆದ್ದುಬಿಟ್ಟೆ ಕಟರೈನಾ, ಗೆದ್ದುಬಿಟ್ಟೆ!

ನಿನ್ನ ತಂಗಿಗೆ ನನ್ನ ನಮಸ್ಕಾರ ಹೇಳು, ಸುಳ್ಳು ಹೇಳಲು ಅವಳಿಗೆ ಬರುವುದಿಲ್ಲ ಎಂದೂ ಹೇಳು. ನರ್ಸನ್ನು ಬೈಯಬೇಡ. ದೇವರೂ ನಮ್ಮ ಹಿರಿಯರೂ ನಿನ್ನ ಕಾಲಿಗೆ ಬಲ ಕೊಡಲಿ. ಹುಹಾನಕ್ಕ ಹರಸಿದ್ದಾಳೆ, ತೆರಿನಾ ಮುತ್ತು ಕಳಿಸಿದ್ದಾಳೆ, ಹೊಟ್ಟೆಯೊಳಗಿನದು ಒದೆ ಕಳಿಸಿದೆ.

ಎಂದಿಗೂ ನಿನ್ನವನೇ ಆದ,
ರೆವಿ

ಮತ್ತೊಂದು ಮಾತು: ಲಕೋಟೆ ಅಂಟಿಸುವಾಗಲೇ ತೆರಿನಾಗೆ ನೋವು ಬಂತು, ಹಿರಿನಿಯ ಲಾರಿಯಲ್ಲೇ ಆಸ್ಪತ್ರೆಗೆ ಓಡಿದೆವು. ಈಗ ಸೋಮವಾರ ಬೆಳಿಗ್ಗೆ. ಹೆಣ್ಣು ಮಗು! ತಾಯಿ ಮಗಳು ಇಬ್ಬರೂ ಗಟ್ಟಿ. ನಮ್ಮ ಬುಟ್ಟಿಯಲ್ಲಿ ಮಹಾರಾಣಿಯ ಹಾಗೆ ಮಲಗಿದೆ, ಸಿಟ್ಟಿನ ಮುಖ ಥೇಟ್ ನಿನ್ನದೇ. ಇನ್ನೊಂದು. ಉಳಿದ ಎಲೆಯಲ್ಲಿ ತೆರಿನಾ ನಮಗಾರಿಗೂ ಹೇಳದೆ ಒಂದು ಪುಟ್ಟ ಬುಟ್ಟಿ ಹೆಣೆದಿದ್ದಾಳೆ, ನೋವಿನ ನಡುವೆಯೂ ಕೈಬಿಡಲಿಲ್ಲ. ಅವಳದು ಇದೇ ಮೊದಲನೆಯದು, ಹೊರಗಿನವರಿಗೆ ಕೊಟ್ಟುಬಿಡಬೇಕಲ್ಲ, ಮನೆಗೆ ಬರಲೊಲ್ಲದ ನೀನೇ ಈಗ ಹೊರಗಿನವಳಂತೆ, ಅದು ನಿನಗಂತೆ. ಅಂಚೆಯಲ್ಲಿ ಕಳಿಸೋಣವೇ ಅಂದರೆ, "ಉಹುಂ ತಾತ, ಅಜ್ಜಿ ನಡ್ಕೊಂಡು ಬಂದು ಇಸ್ಕೊಳ್ಲಿ" ಅನ್ನುತ್ತಾಳೆ. ಏಳೇ.