ಕೊನೇ ಪುಟದ ಗಂಡ

ರೀ,

ನರಸೀಪುರಕ್ಕೆ ಹೋಗ್ತಿದ್ದೀನಿ, ರೋಜಾಳ ಟೈಲರಿಂಗ್ ಅಂಗಡೀಗೆ. ಅವಳು ಹೊಲೀತಾ ಇದ್ರೆ ಪಕ್ಕದಲ್ಲಿ ಕೂತು ಬರೆಯೋದು ನಂಗೆ ಅಭ್ಯಾಸ ಆಗೋಗಿದೆ. ಕಾದಂಬರಿ ಇವತ್ತು ಮುಗಿಸ್ಲೇಬೇಕು.

ಮುದ್ದೆ ತಣ್ಣಗಾಗುತ್ತೆ ಅಂತ ಮಾಡಿಲ್ಲ, ಅನ್ನ ಇದೆ. ಹುರುಳಿಕಾಳು ಸಾರು ಬಿಸಿ ಮಾಡ್ಕೊಳ್ಳಿ. ಒಲೆ ಹಚ್ಚಿ ಟಿವಿ ಮುಂದೆ ಕೂತ್ಬಿಡ್ಬೇಡಿ. ಹಸೂಗೆ ನೀರಿಡಿ. ನಿಮ್ಮ ಬಿ.ಪಿ. ಮಾತ್ರೆ ಮೊಸರಿನ ಪಾತ್ರೆ ಪಕ್ಕದಲ್ಲೇ ಇದೆ, ಕಾಣ್ಲಿಲ್ಲ ಅನ್ಬೇಡಿ.

ನಿನ್ನೆ ನಿಮ್ಮ ಭಾವನವ್ರ ಮುಂದೆ, "ಕ್ಯಾಮೆ ಇಲ್ಲ, ಏನೋ ಗೀಚ್ಕೊಂಡು ಕೂತಿರ್ತಳೆ" ಅಂತ ನಗಾಡಿದ್ರಲ್ಲ, ನಂಗೆ ಊಟ ಸೇರ್ಲಿಲ್ಲ. ಅವರು ಹೋದ್ಮೇಲೆ ನೀವು ಸದ್ದಿಲ್ದೆ ನನ್ನ ಪೆನ್ನಿಗೆ ಹೊಸ ರೀಫಿಲ್ ಹಾಕಿಟ್ಟಿದ್ದನ್ನೂ ನೋಡ್ದೆ. ನಿಮ್ಮ ಬಾಯಿಂದ ಮಾತ್ರ ಒಂದು ಮಾತು ಬರ್ಲಿಲ್ಲ.

ಕೊನೇ ಪುಟದಲ್ಲಿ ಗಂಡ ಬಂದು ಹೆಂಡ್ತಿ ಹತ್ರ ತಪ್ಪಾಯ್ತು ಅನ್ಬೇಕು. ಅಲ್ಲೇ ನಿಂತೋಗಿದೆ. ಆ ಮಾತು ಗಂಡಸಿನ ಬಾಯಲ್ಲಿ ಹೆಂಗಿರುತ್ತೋ, ಈ ಮನೇಲಿ ಒಂದ್ಸಲಾನೂ ಕೇಳಿಲ್ವಲ್ಲ.

ಊಟ ಆದ್ಮೇಲೆ ಒಂದು ಫೋನ್ ಮಾಡಿ. ನಿಮ್ಮ ಮಾತು ಸರಿಯಾಗಿ ಕೇಳಿಸ್ಲಿ ಅಂತ ರೋಜಾಗೆ ಮಿಷಿನ್ ನಿಲ್ಸೋಕೆ ಹೇಳ್ತೀನಿ.

ಚಿಕ್ಕತಾಯಿ