ಯಜಮಾನನ ಕಾಲು

ಮಾರ್ಚ್ 3, ಬೆಳಿಗ್ಗೆ

ನೀರಿನ ತಟ್ಟೆ ತೊಳೆದು ಬೆಣಚುಕಲ್ಲು ಹಾಕಿಟ್ಟೆ. ಕಲ್ಲಿಲ್ಲದಿದ್ದರೆ ಕೋಳಿಮರಿಗಳು ನೀರಲ್ಲಿ ಮುಳುಗುತ್ತವಂತೆ. ಸೊಸೆ ಹೇಳಿ ಹೋಗಿದ್ದಾಳೆ. ಎಂಟನೇ ತಿಂಗಳು ಅವಳಿಗೆ. ಚೆಕಪ್‌ಗೆಂದು ಹೋದವಳನ್ನು ಆಸ್ಪತ್ರೆಯವರು ಅಲ್ಲೇ ಉಳಿಸಿಕೊಂಡರು. ಅವಳು ಆಸೆಪಟ್ಟು ತಂದ ಕೋಳಿಮರಿಗಳು ನನ್ನ ಕೊರಳಿಗೆ ಬಿದ್ದವು.

ರಟ್ಟಿನ ಪೆಟ್ಟಿಗೆ, ಮೇಲೊಂದು ಬಲ್ಬು. ಬಲ್ಬಿನಡಿ ಒತ್ತೊತ್ತಾಗಿ ಕೂತರೆ ಚಳಿ, ದೂರ ಓಡಿ ಬಾಯಿ ಕಳೆದರೆ ಸೆಕೆ — ಇದೂ ಅವಳದೇ ಪಾಠ. ಎಲ್ಲ ಸರಿ. ಆದರೆ ಕೆಳಗೆ ಹಾಸಿದ ಆ ಗೋಣಿತಟ್ಟು… ಗಬ್ಬು. ತೆಗೆದೆಸೆದೆ. ಹಳೇ ಕ್ಯಾಲೆಂಡರಿನ ನುಣುಪು ಹಾಳೆ ಹಾಸಿದೆ. ಒಮ್ಮೆ ಒರೆಸಿದರೆ ಫಳಫಳ. ನನ್ನ ಮನೆಯಲ್ಲಿ ಕೋಳಿಯೂ ಚೊಕ್ಕವಾಗಿಯೇ ಇರಬೇಕು.

ಮಾರ್ಚ್ 4

ಮಗ ಆಸ್ಪತ್ರೆಯಿಂದ ಬಂದ. ಊಟದ ತಟ್ಟೆ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದ. ಹೊಟ್ಟೆಯಲ್ಲಿ ಮಗು ಸರಿಯಾಗಿ ಬೆಳೆಯುತ್ತಿಲ್ಲವಂತೆ. ದಿನ ತುಂಬುವ ಮೊದಲೇ ಆಪರೇಷನ್ ಆಗಬಹುದಂತೆ. "ಅವಳಿಗೆ ಹೇಳ್ಬೇಡಮ್ಮ, ಹೆದರ್ಕೋತಾಳೆ." ಸರಿ ಅಂದೆ. ಹೋದ ಸಲ ಮಗು ಉಳಿಯಲಿಲ್ಲ.

ಮಾರ್ಚ್ 6, ಸಂಜೆ

ಎರಡು ಮರಿಗಳ ಕಾಲುಗಳು ಅತ್ತೊಂದು ಇತ್ತೊಂದು ಹರಡಿಕೊಂಡಿವೆ. ಏಳಲು ಹೋದರೆ ಜಾರಿ ಎದೆ ನೆಲಕ್ಕೆ. ಅದರಲ್ಲೊಂದು ಯಜಮಾನ. ಎಲ್ಲಕ್ಕಿಂತ ಚಿಕ್ಕದು. ಎದೆ ಉಬ್ಬಿಸಿ ನಡೆಯುತ್ತದೆಂದು ಸೊಸೆ ಇಟ್ಟ ಹೆಸರು.

ಫೋನ್ ಮಾಡಿದಳು. ಚೆನ್ನಾಗಿ ಓಡಾಡುತ್ತಿವೆ ಅಂದೆ. ವಿಡಿಯೋದಲ್ಲಿ ತೋರಿಸಿ ಅಂದಳು. ಕ್ಯಾಮೆರಾ ಕೆಟ್ಟಿದೆ ಅಂದೆ. ಒಂದು ಸುಳ್ಳಿಗೆ ಇನ್ನೊಂದು ಊರುಗೋಲು.

ಮಾರ್ಚ್ 7

ಕಾಲು ಹರಡಿದ್ದ ಇನ್ನೊಂದು ಮರಿ ಬೆಳಿಗ್ಗೆ ಸತ್ತಿತ್ತು. ನೀರಿನ ತಟ್ಟೆಯವರೆಗೂ ತೆವಳಲಾಗಿಲ್ಲ ಅದಕ್ಕೆ. ಹಿತ್ತಲಲ್ಲಿ ಹೂತೆ.

ಯಜಮಾನನನ್ನು ತರಕಾರಿ ಚೀಲದಲ್ಲಿ ಪಶುವೈದ್ಯೆಯ ಹತ್ತಿರ ಒಯ್ದೆ. ಕೆಳಗೆ ಏನು ಹಾಸಿದ್ದೀರಿ ಅಂತಲೇ ಅವಳು ಮೊದಲು ಕೇಳಿದ್ದು. ನುಣುಪು ಕಾಗದದ ಮೇಲೆ ಎಳೇ ಕಾಲಿಗೆ ಹಿಡಿತ ಸಿಗುವುದಿಲ್ಲವಂತೆ, ಹಾಗೇ ಹರಡಿಕೊಂಡುಬಿಡುತ್ತವಂತೆ. ನನ್ನ ಚೊಕ್ಕತನಕ್ಕಿಷ್ಟು ಬೆಂಕಿ ಹಾಕ. ಗಾಯಕ್ಕೆ ಹಾಕುವ ಅಂಟುಪಟ್ಟಿಯನ್ನು ಸಣ್ಣಗೆ ಸೀಳಿ, ನಡುವೆ ಅಂತರ ಬಿಟ್ಟು ಎರಡೂ ಕಾಲು ಕಟ್ಟಿದಳು. ಕೆಲವು ದಿನ ಹೀಗೇ ಇರಲಿ ಅಂದಳು. ಎಸೆದ ಗೋಣಿತಟ್ಟನ್ನು ಕಸದಿಂದ ಹೆಕ್ಕಿ, ಒಗೆದು ಒಣಗಿಸಿ ಹಾಸಿದೆ.

ಮಾರ್ಚ್ 8

"ಅತ್ತೆ, ಗೋಣಿತಟ್ಟು ತೆಗೆದ್ರಾ?"

ಫೋನಲ್ಲಿ ಸೊಸೆ. ನನ್ನ ಬುದ್ಧಿ ಅವಳಿಗೆ ಗೊತ್ತು. ಊಟ ಆಯ್ತಾ ಅಂತ ಮಾತು ತಿರುಗಿಸಿದೆ.

"ಎಲ್ರೂ ಎಲ್ಲಾ ಚೆನ್ನಾಗಿದೆ ಅಂತೀರಿ. ಯಾರ ಮಾತು ನಂಬ್ಲಿ ನಾನು?"

ಹೇಳಿದೆ. ಒಂದು ಸತ್ತಿದ್ದು, ಯಜಮಾನನ ಕಾಲು, ತಪ್ಪು ನನ್ನದೇ ಅಂತ. ಅವಳು ಅಳಲಿಲ್ಲ.

"ಸರಿ. ಈಗ ನನ್ನ ಮಗು ಬಗ್ಗೆ ಡಾಕ್ಟರ್ ಏನಂದ್ರು ಅದನ್ನೂ ಹೇಳಿ."

ಹೇಳಿಬಿಟ್ಟೆ.

"ಒಳ್ಳೇದಾಯ್ತು ಅತ್ತೆ. ಇಷ್ಟು ದಿನ ಒಬ್ಬಳೇ ಹೆದರ್ತಿದ್ದೆ."

ಹೇಳಿದ್ದಕ್ಕೆ ಮಗನಿಗೆ ನನ್ನ ಮೇಲೆ ಕೆಂಡದಂಥ ಸಿಟ್ಟು. ಇರಲಿ.

ಮಾರ್ಚ್ 11, ಬೆಳಿಗ್ಗೆ

ಇವತ್ತೇ ಆಪರೇಷನ್. ಸೊಸೆ ಈಗ ಆಪರೇಷನ್ ಕೋಣೆಯೊಳಗಿದ್ದಾಳೆ. ಮಗ ಅದರ ಬಾಗಿಲಲ್ಲಿ. ನಾನೂ ಹೊರಟಿದ್ದೆ, ಅವಳೇ ಬೇಡ ಅಂದಳು. ಇವತ್ತು ಪಟ್ಟಿ ಬಿಚ್ಚಬೇಕಲ್ಲ, ಬಿಚ್ಚಿ ನೋಡಿ, ನನಗೆ ಎಚ್ಚರವಾದಾಗ ಹೇಳಿ, ಇದ್ದದ್ದು ಇದ್ದ ಹಾಗೇ ಅಂದಳು.

ಬೆಚ್ಚನೆ ನೀರಲ್ಲಿ ನೆನೆಸಿ ಬಿಚ್ಚಿದೆ. ಯಜಮಾನನನ್ನು ಗೋಣಿಯ ಮೇಲೆ ಬಿಟ್ಟೆ. ಬಿದ್ದ. ಎದ್ದ. ಮತ್ತೆ ಬಿದ್ದ. ಎದ್ದ… ನಿಂತ. ಎಡಗಾಲು ಇನ್ನೂ ಸೊಟ್ಟ. ಸುಳ್ಳು ಹೇಳುವುದಿಲ್ಲ, ಸೊಟ್ಟವೇ. ಆದರೂ ಎದೆ ಉಬ್ಬಿಸಿಕೊಂಡು ನೀರಿನ ತಟ್ಟೆಗೆ ಹೊರಟಿದ್ದಾನೆ.

ಫೋನ್. ಮಗ. ಅವನು ಬಾಯಿ ತೆರೆಯುವ ಮೊದಲೇ, ಏನೇ ಆಗಿರಲಿ ಮುಚ್ಚಿಡದೆ ಹೇಳು ಅನ್ನುತ್ತೇನೆ.