ಸಿಡ್ಸೆಲ್ ಉಗಿದ ಬೆಣ್ಣೆ

೧೮೮೬ ನವೆಂಬರ್ ೯, ಮಂಗಳವಾರ. ಜುಟ್ಲಂಡ್.

ಇವತ್ತು ಗೆದ್ದದ್ದು ನಾನೋ ನನ್ನ ಹೆಂಡತಿ ಸಿಡ್ಸೆಲಳೋ ತಿಳಿಯದೆ ನಿದ್ದೆ ಹತ್ತುತ್ತಿಲ್ಲ.

ಧಾನ್ಯದ ಬೆಲೆ ನೆಲಕಚ್ಚಿದ ಮೇಲೆ ಊರವರು ಸೇರಿ ಕಟ್ಟಿದ ಡೈರಿಗೆ ನಾನೇ ಅಧ್ಯಕ್ಷ. ಹಾಲು ಕೊಡದಿರುವುದು ನನ್ನ ಮನೆಯೊಂದೇ. ‘ನಿಮ್ಮನೆಯೋರೇ ನಂಬದಿದ್ರೆ ನಾವ್ಯಾಕೆ ನಂಬ್ಬೇಕು?’ ಎಂದು ಉಳಿದವರೂ ಕೈಬಿಡುವುದರಲ್ಲಿದ್ದರು. ಸಿಡ್ಸೆಲಳದು ಒಂದೇ ಹಟ. ‘ಪಕ್ಕದ್ಮನೆ ಡೋರ್ತೆ ಹಸುಗಳಿಗೆ ಟರ್ನಿಪ್ ಗಡ್ಡೆ ತಿನ್ನಿಸ್ತಾಳೆ. ಆ ನಾತದ ಹಾಲಿಗೆ ನನ್ನ ಹಾಲು ಬೆರೆಸ್ಬೇಕಾ?’

ಅದಕ್ಕೇ ಇವತ್ತು ಡೈರಿಯಲ್ಲಿ ಎಲ್ಲರೆದುರು, ಯಾವುದು ಯಾರದೆಂದು ಹೇಳದೆ, ಸಿಡ್ಸೆಲಳ ಮುಂದೆ ಎರಡು ತಟ್ಟೆ ಇಟ್ಟೆ. ಒಂದರಲ್ಲಿ ನಮ್ಮ ಮನೆಯ ಬೆಣ್ಣೆ, ಇನ್ನೊಂದರಲ್ಲಿ ಡೈರಿಯದು. ಮೊದಲನೆಯದನ್ನು ನೆಕ್ಕಿದವಳೇ ‘ಥೂ, ಡೋರ್ತೆ ಟರ್ನಿಪ್ಪು!’ ಎಂದು ಉಗಿದಳು. ಎರಡನೆಯದಕ್ಕೆ ಕಣ್ಣು ಮುಚ್ಚಿ, ‘ಇದು ನಂದು. ಹೆತ್ತೋಳಿಗೆ ಮಗು ಗುರುತು ಸಿಗಲ್ವಾ?’ ಎಂದಳು.

ಉಗಿದದ್ದು ಅವಳೇ ಕಡೆದದ್ದನ್ನು. ಅದು ಗೊತ್ತಿದ್ದದ್ದು ನನಗೊಬ್ಬನಿಗೇ. ನಾನು ಬಾಯಿ ತೆರೆಯುವಷ್ಟರಲ್ಲಿ, ‘ಪಾಪ, ಈ ಊರಿನ ಮಾನ ಉಳಿಬೇಕಾದ್ರೆ ನನ್ನ ಹಾಲೇ ಬೇಕು. ನಾಳೆಯಿಂದ ಕಳಿಸ್ತೀನಿ’ ಎಂದುಬಿಟ್ಟಳು. ಎಲ್ಲರೂ ಚಪ್ಪಾಳೆ ತಟ್ಟಿದರು, ಡೋರ್ತೆಯೂ. ನಾನು ಡೈರಿಯ ಪುಸ್ತಕದಲ್ಲಿ ಅವಳ ಹೆಸರು ಬರೆದುಕೊಂಡೆ.

ಮೊದಲ ತಟ್ಟೆಯಲ್ಲಿ ಉಳಿದ ಬೆಣ್ಣೆಯನ್ನು ಮನೆಗೆ ತಂದರೆ, ‘ಅದನ್ನ ಹಂದಿಗೆ ಹಾಕ್ರೀ’ ಎಂದಳು. ಕೊಟ್ಟಿಗೆಯ ಹಿಂದೆ ನಿಂತು ಬ್ರೆಡ್ಡಿಗೆ ಸವರಿಕೊಂಡು ನಾನೇ ತಿಂದೆ. ಇವಳ ಕೈರುಚಿ ಈ ಊರಿನಲ್ಲಿ ಯಾರಿಗೂ ಇಲ್ಲ. ಇನ್ನು ಸಾಯುವವರೆಗೂ ಅದನ್ನು ಅವಳಿಗೆ ಹೇಳುವ ಹಾಗಿಲ್ಲ.